ಅಜ್ಜಿಯ ಚಟ್ಟಿಯೂ ನನ್ನ ತರ್ಕವೂ

ಒಂದು ಮನೆಯಲ್ಲಿ ಎಷ್ಟು ಮೀನು ತಿನ್ನುತ್ತಾರೆಂದು ತಿಳಿಯಲು ಮನೆಯವರನ್ನು ಕೇಳಬಾರದು, ಬೆಕ್ಕನ್ನು ನೋಡಬೇಕು. ನಮ್ಮ ಬೆಕ್ಕು ಕಳೆದ ತಿಂಗಳು ಪಕ್ಕದ ಮನೆಗೆ ವಲಸೆ ಹೋಯಿತು.

ಕಾರಣ ಕೇಳುವಿರಾ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವನನ್ನು ಹಾಗೆ ಕೇಳುವುದು ಅಪಾಯ. ಮೈಸೂರಿಗಿನ್ನೂ ಸೇರದ ನಮ್ಮ ಕೊಡಗು ರಾಜ್ಯಕ್ಕೆ ಮಂತ್ರಿಗಳುಂಟು, ಸಮುದ್ರವಿಲ್ಲ. ಮಂಗಳೂರಿನ ಮೀನು ಸಂಪಾಜೆ ಘಾಟಿಯ ತಿರುವುಗಳನ್ನು ಹತ್ತುವಷ್ಟರಲ್ಲಿ ಅದರ ವಯಸ್ಸೂ ಬೆಲೆಯೂ ಏರಿರುತ್ತವೆ. ಮಳೆಗಾಲದಲ್ಲಂತೂ ಕಡಲಿಗೆ ದೋಣಿಯೇ ಇಳಿಯದು. ಆದ್ದರಿಂದ ಮೀನಿನೂಟವನ್ನು ನಿರ್ಧರಿಸುವುದು ಭೂಗೋಳ, ಋತು ಮತ್ತು ಜೇಬು ಎಂದು, ಬೆಕ್ಕಿನ್ನೂ ಮನೆಯಲ್ಲಿದ್ದಾಗಲೇ, ಜಗಲಿಯಲ್ಲಿ ಅಮೋಘವಾಗಿ ಪ್ರತಿಪಾದಿಸಿದೆ.

"ಅಲ್ಲ, ಚಟ್ಟಿ," ಎಂದರು ಅಜ್ಜಿ, ಅಕ್ಕಿ ಆರಿಸುತ್ತಲೇ.

ಅಪ್ಪನಿಗಿಂತ ವಯಸ್ಸಿನಲ್ಲಿ ಹಿರಿದಾದ ಆ ಕರಿ ಮಣ್ಣಿನ ಚಟ್ಟಿಯಲ್ಲಿ ಮೀನಲ್ಲದೆ ಬೇರೇನೂ ಬೆಂದಿರಲಿಲ್ಲ; ಬಿಸಿನೀರು, ತೆಂಗಿನ ನಾರು ಬಿಟ್ಟರೆ ಬೇರೇನೂ ಅದನ್ನು ಮುಟ್ಟಿರಲಿಲ್ಲ. ರುಚಿ ಇರುವುದು ಮಸಾಲೆಯಲ್ಲೇ ಹೊರತು ಮಣ್ಣಿನಲ್ಲಲ್ಲವೆಂದು ಸಾಧಿಸಲು, ಅಜ್ಜಿ ಗದ್ದೆಗೆ ಹೋದಾಗ ನಾನದನ್ನು ಸೋಪು ಹಾಕಿ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿದೆ.

ಶುಕ್ರವಾರ, ಆ ಒಂದು ಮೀನಿನೂಟಕ್ಕಾಗಿಯೇ ವಾರವಿಡೀ ಕಾಯುವ ಅಜ್ಜ, ಮೊದಲ ತುತ್ತಿಗೇ ಕೈ ನಿಲ್ಲಿಸಿದರು. "ಈ ಮೀನ್ ಸೋಪ್ ಹಾಕಿ ಮಿಂದ್ ಬಂದುಟ್ಟೊ ಹೇಂಗೆ?"

ಅಜ್ಜಿ ಚಟ್ಟಿಯನ್ನು ಮೂಸಿದರು, ನನ್ನನ್ನು ನೋಡಿದರು. "ಚಟ್ಟಿ ಹೋತ್. ಇನ್ನ್ ಮೀನ್ ಇಲ್ಲೆ."

"ಅಲ್ಯೂಮಿನಿಯಂ ಪಾತ್ರೆ ಉಂಟಲ್ಲ ಅಜ್ಜಿ?"

"ಅದರಲ್ಲಿ ನೀನೇ ಕೂತು ಬೇಯಿ."

ಆಮೇಲೆ ಮೀನಿನ ಲಾರಿಯ ಹಾರನ್ ಕೇಳಿದಾಗಲೆಲ್ಲ ಅಜ್ಜ ರಸ್ತೆಯನ್ನು ನೋಡುತ್ತಿದ್ದರು, ಬಳಿಕ ನನ್ನನ್ನು, ಬಳಿಕ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಬೈದಿದ್ದರೆ ಪ್ರತಿವಾದ ಹೂಡಬಹುದಿತ್ತು. ಅವರು ಬರೀ ಅರ್ಧ ಊಟಕ್ಕೇ ಏಳತೊಡಗಿದರು. ಮೀನಿನ ಬೆಲೆ ಏರಿರಲಿಲ್ಲ, ಘಾಟಿ ಉದ್ದವಾಗಿರಲಿಲ್ಲ. ನನ್ನ ಮೂರು ಕಾರಣಗಳೂ ಇದ್ದಲ್ಲೇ ಇದ್ದವು, ಮೀನು ಮಾತ್ರ ಇರಲಿಲ್ಲ.

ಕೊನೆಗೆ ಸಂತೆಯಿಂದ ಹೊಸ ಚಟ್ಟಿ ತಂದೆ, ಬಸ್ಸಿನಲ್ಲಿ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು. ಅಜ್ಜಿ ಅದಕ್ಕೆ ಮೀನು ತೋರಿಸಲಿಲ್ಲ. ದಿನವೂ ಗಂಜಿತಿಳಿ ಕುದಿಸಿ ಪಳಗಿಸಲು ನನ್ನನ್ನೇ ಒಲೆಯ ಮುಂದೆ ಕೂರಿಸಿದರು. ಎರಡು ವಾರ ಹೊಗೆ ಕುಡಿದೆ. ಪಳಗಿದ್ದು ಚಟ್ಟಿಯೊಂದೇ ಅಲ್ಲವೆಂದು ಮನೆಯವರ ಅಂಬೋಣ. ಅದಕ್ಕೆ ಪುರಾವೆ ಸಾಲದು.

ನಿನ್ನೆ ಅಜ್ಜಿ ಚೀಲ ಕೈಗಿತ್ತರು. "ಹೋಗ್, ಲಾರಿ ಬಂತ್."

ಅಜ್ಜ ಉಂಡರು. ನಾವು ಅವರ ಮುಖವನ್ನೇ ನೋಡುತ್ತಿದ್ದೆವು. "ಚಟ್ಟಿ ಇನ್ನೂ ಎಳತ್," ಎಂದರು, ಮತ್ತೆ ಬಟ್ಟಲು ಮುಂದೆ ಚಾಚಿದರು.

ಬೆಕ್ಕೂ ಮರಳಿತು. ನನ್ನ ಪಕ್ಕದಲ್ಲಿ ಜಾಗವಿದ್ದರೂ, ನನ್ನ ಕೈಗಳನ್ನೊಮ್ಮೆ ಮೂಸಿ, ಹೋಗಿ ಅಜ್ಜನ ಬಳಿ ಕುಳಿತಿತು.