ಗುದ್ದಲಕ್ಕನ ಬಯಲು

ಹೆತ್ತವರು ಇಟ್ಟ ಹೆಸರು ಏನಿತ್ತೋ, ಎಲ್ಲರ ಬಾಯಲ್ಲೂ ಆಕೆ ಗುದ್ದಲಕ್ಕ. ಬೆಳಿಗ್ಗೆ ಎದ್ದು ಮುಖ ತೊಳೆಯುವುದನ್ನು ಮರೆತಾಳು, ಕಳೆಗುದ್ದಲಿ ಮರೆಯಳು. ಕುರಿ ಮೇಯುವ ಬಯಲಿನಲ್ಲಿ ಹಳದಿ ಹೂವಿನ ವಿಷದ ಗಿಡ ತಲೆ ಎತ್ತಿದರೆ ಸಾಕು, ಮನೆಗೆ ಕಳ್ಳ ನುಗ್ಗಿದ ಹಾಗೆ ಓಡುತ್ತಿದ್ದಳು. ಕೈಗವಸು ಹಾಕಿ, ಬೀಜ ಕಟ್ಟುವ ಮೊದಲೇ ಬೇರುಸಮೇತ ಎಬ್ಬಿಸಿ, ಗೋಣಿಚೀಲಕ್ಕೆ ತುಂಬಿ ಹೊರಗೆ ಸಾಗಿಸಿದ ಮೇಲೇ ಸಮಾಧಾನ. ಕಿತ್ತು ಅಲ್ಲೇ ಎಸೆದವರನ್ನು ಕಂಡರಂತೂ ಮೈಯೆಲ್ಲ ಉರಿ. "ಬಾಡಿದ್ರೆ ಅದರ ಕಹಿ ಹೋಗುತ್ತೆ, ವಿಷ ಹೋಗುತ್ತಾ? ಕುರಿಗೆ ತಿಂಡಿ ಮಾಡಿಟ್ಟಿದ್ದೀಯಲ್ಲ, ಪುಣ್ಯಾತ್ಮ!"

ಹಸಿದ ಕುರಿಯನ್ನಂತೂ ಬಯಲಿಗೆ ಬಿಡುತ್ತಲೇ ಇರಲಿಲ್ಲ. ಹೊಟ್ಟೆ ತುಂಬಿದ ಕುರಿ ಆರಿಸಿ ತಿನ್ನುತ್ತದೆ, ಹಸಿದದ್ದು ಸಿಕ್ಕಿದ್ದನ್ನೆಲ್ಲ ಬಾಚುತ್ತದೆ. ಮೊದಲು ಒಣಹುಲ್ಲು, ಆಮೇಲೆ ಬಯಲು.

ಇಷ್ಟೆಲ್ಲ ಸರಿ. ಆದರೆ ಬಾಯಿ ಇತ್ತಲ್ಲ, ಅದಕ್ಕೆ ಬೇಲಿ ಇರಲಿಲ್ಲ. "ನನ್ನ ಬಯಲಲ್ಲಿ ಒಂದೇ ಒಂದು ವಿಷದ ಗಿಡ ತೋರಿಸಿ, ಗುದ್ದಲಿ ನಿಮ್ಮ ಕೈಗೆ ಕೊಟ್ಟು ಮನೇಲಿ ಕೂತ್ಕೋತೀನಿ" ಎಂದು ಹೋದಲ್ಲಿ ಬಂದಲ್ಲಿ ಬಡಾಯಿ. ಅದು ದೂರದಲ್ಲಿದ್ದ ಅಳಿಯನ ಕಿವಿಗೂ ಬಿತ್ತು. ಅವನು ಹಳೆಯ ಬಯಲು ಬಿಟ್ಟು, ಕುರಿಗಳಿಗೆ ಹೊಸ ಜಾಗ ಹುಡುಕುತ್ತಿದ್ದ. ಅತ್ತೆಯ ಬಯಲು ಚೆನ್ನಾಗಿದ್ದರೆ ಅದು, ಇಲ್ಲದಿದ್ದರೆ ಗುಡ್ಡದಾಚೆ ಇನ್ನೊಬ್ಬನದು. ಇಲ್ಲೇ ನಿಂತರೆ ಮಗಳು ಕೂಗಳತೆಯಲ್ಲಿ ಇರುತ್ತಾಳೆ. ಗುದ್ದಲಕ್ಕನಿಗೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

ಲಾರಿ ಬಂತು. ದಿನವಿಡೀ ಹಸಿದು ಬಂದ ಕುರಿಗಳು ಕೆಳಗಿಳಿದದ್ದೇ ಹಸಿರು ಕಂಡು ಅರಚತೊಡಗಿದವು. ಅಳಿಯ ಬಯಲಿನ ಗೇಟಿಗೆ ಕೈ ಹಾಕಿದ.

"ತಡೀರಿ ಅಳಿಯಂದ್ರೇ, ಮೊದಲು ಒಣಹುಲ್ಲು ಹಾಕೋಣ."

"ಒಂದೂ ಕಳೆ ಇಲ್ಲ ಅಂದ ಮೇಲೆ ಒಣಹುಲ್ಲು ಯಾಕತ್ತೆ? ಪಾಪ, ಹೊಟ್ಟೆ ತುಂಬ ಹಸಿರು ತಿನ್ನಲಿ."

ಬಿಸಿತುಪ್ಪ ಬಾಯಿಗೆ ಬಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಹಳ್ಳದ ಬದಿಯಲ್ಲಿ, ಮುರಿದು ಉಳಿದಿದ್ದ ಬೇರುಗಳಿಂದ ಆ ಗಿಡ ಮತ್ತೆ ಚಿಗುರಿದ್ದನ್ನು ಆಕೆ ನೋಡಿದ್ದಳು. ಹೇಳಿದರೆ ಮಗಳು ಗುಡ್ಡದಾಚೆ. ಹೇಳದಿದ್ದರೆ ಈ ಮೂಕಪ್ರಾಣಿಗಳ ಗತಿ? ಅತ್ತ ಮಗಳು ನಗುನಗುತ್ತಾ ಲಾರಿಯಿಂದ ಗಂಟುಮೂಟೆ ಇಳಿಸುತ್ತಿದ್ದಳು.

ಅಳಿಯ ಚಿಲಕ ಎತ್ತಿದ. ಆಕೆ ಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತಳು.

"ಇದೆ. ಹಳ್ಳದ ಬದೀಲಿ ಇದೆ. ನಾನು ಆಡಿದ್ದೆಲ್ಲ ಬರೀ ಬಡಾಯಿ. ಎಷ್ಟು ಕಿತ್ರೂ ಬರುತ್ತೆ, ಹಾಳಾದ್ದು!"

ಮಗಳು ಕೈಯಲ್ಲಿದ್ದ ಗಂಟು ಹಿಡಿದುಕೊಂಡೇ ನಿಂತಳು. ಅಳಿಯ ಹಳ್ಳದವರೆಗೆ ಹೋಗಿ ನೋಡಿ ಬಂದ. ಗುದ್ದಲಕ್ಕ ನೆಲದಿಂದ ಕಣ್ಣು ಕೀಳಲಿಲ್ಲ.

"ಹಳೇ ಬಯಲಿನವನೂ ಒಂದೂ ಇಲ್ಲ ಅಂತ ಆಣೆ ಇಟ್ಟಿದ್ದ ಅತ್ತೆ. ಅವನನ್ನ ನಂಬಿ ಕುರಿ ಕಳ್ಕೊಂಡೆ." ಅವನು ಅಂಗಿಯ ತೋಳು ಮಡಚಿದ. "ಇಲ್ಲಿ, ಇದೆ ಅಂತ ಹೇಳೋರಾದ್ರೂ ಇದ್ದಾರೆ. ಎಲ್ಲೂ ಹೋಗಲ್ಲ. ಒಣಹುಲ್ಲು ಎಲ್ಲಿದೆ? ಇನ್ನೊಂದು ಗುದ್ದಲಿ ಇದ್ರೆ ಅದನ್ನೂ ಕೊಡಿ."

ಗುದ್ದಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ದನಿ ಮಾತ್ರ ಆಗಲೇ ಎಂದಿನ ಗತ್ತಿಗೆ ಮರಳಿತ್ತು.

"ಗುದ್ದಲಿ ಆಮೇಲೆ. ಕುರಿಗೆ ಒಣಹುಲ್ಲು ಹಾಕಿ, ನೀವಿಬ್ರೂ ಊಟಕ್ಕೆ ಬನ್ನಿ. ಹಸಿದೋರನ್ನ ನಾನು ಬಯಲಿಗೆ ಬಿಡಲ್ಲ!"