ಹರಿಗೋಲಿಗೆ ಮಂದಿ ಕೂರಿಸುತ್ತಿದ್ದ ಅಂಬಿಗರಕ್ಕ

ಹರಿಗೋಲಿನ ಅಂಚನ್ನು ವರ್ಷಗಟ್ಟಲೆ ಒತ್ತಿ ಹಿಡಿದು ಅವಳ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳನ್ನು ಬಿಟ್ಟು ದೂರ ಸರಿದಿತ್ತು. ಜನ ಹತ್ತುವಾಗ ಆ ಕಾಲಿನಿಂದಲೇ ಅವಳು ಹರಿಗೋಲನ್ನು ದಂಡೆಗೆ ಅದುಮಿ ನಿಲ್ಲಿಸುತ್ತಿದ್ದಳು. ಭೀಮಾ ನದಿಯ ಆಚೆ, ಯಾದಗಿರಿ ಕಡೆ, ನನ್ನ ತವರು. ಈಚೆ ದೋರನಹಳ್ಳಿಯಲ್ಲಿ ನನ್ನ ಗಂಡನ ಮನೆ. ನಿಜಾಮರ ಆಳಿಕೆಯ ಕೊನೆಗಾಲದಲ್ಲಿ ನಮಗೆಲ್ಲ ಆ ಚರ್ಮದ ಹರಿಗೋಲೇ ಗತಿ. ಹುಟ್ಟು ಹಾಕುವವನು ಅವಳ ತಮ್ಮ. ಮಂದಿಯನ್ನು ಕೂರಿಸುವುದು, ಇಳಿಸುವುದು ಅವಳ ಕೆಲಸ. ಎಲ್ಲರಿಗೂ ಅವಳು ಅಂಬಿಗರಕ್ಕ.

ಕೂರಿಸುವುದು ಸುಮ್ಮನೆ ಮಾತೇ? ದಪ್ಪಗಿದ್ದವರು ನಡುವೆ, ಸಣಕಲರು ಅಂಚಿಗೆ, ಆಡಿನ ಕಾಲು ಕಟ್ಟಿರಬೇಕು, ನಡುಹೊಳೆಯಲ್ಲಿ ಯಾರೂ ಏಳಕೂಡದು. ಅವರ ಪಕ್ಕ ಕೂರಲಾರೆ, ಇವರ ಪಕ್ಕ ಕೂರಲಾರೆ ಎಂದು ಮೂಗು ಮುರಿಯುವವರಿಗೆ ನಮ್ಮಲ್ಲಿ ಬರವೇ ಇಲ್ಲ. ಅಂಥವರಿಗೆ ಅವಳು, "ಮುಂದಿನ ಖೇಪಿಗೆ ಬರ್ರಿ, ಅಲ್ಲೀತನಕ ಬಿಸಲಾಗ ನಿಂದರ್ರಿ" ಎನ್ನುತ್ತಿದ್ದಳು. ಅವರು ತೆಪ್ಪಗೆ ಹತ್ತಿ ಕೂರುತ್ತಿದ್ದರು.

ಒಮ್ಮೆ ಕಂದಾಯದ ಗಿರ್ದಾವರ ಸಾಹೇಬರು ಬೂಟು ಬಿಚ್ಚುವುದಿಲ್ಲವೆಂದು ಹಟ ಹಿಡಿದರು. ಬೂಟಿನಡಿಯ ಮೊಳೆ ಚರ್ಮಕ್ಕೆ ಚುಚ್ಚಿದರೆ ಎಲ್ಲರಿಗೂ ಜಲಸಮಾಧಿಯೇ. ಅಂಬಿಗರಕ್ಕ ದನಿ ಏರಿಸಲಿಲ್ಲ. "ಸಾಹೇಬ್ರ, ಬೂಟು ನಾ ಬಗಲಾಗ ಹಿಡಕೋತೀನ್ರಿ. ನೀವು ಮುಳುಗಿದ್ರೂ ಅವನ್ನ ಮುಳುಗಸಂಗಿಲ್ಲ" ಎಂದಳು. ಸಾಹೇಬರಿಗೇ ನಗು ಬಂತು. ಬಿಚ್ಚಿ ಕೊಟ್ಟರು.

ಅವಳಿಗೆ ನಿಜವಾದ ಅಂಜಿಕೆ ದಂಡೆ ಹತ್ತಿರ ಬಂದಾಗ. ನೆಲ ಕಂಡರೆ ಸಾಕು, ಜನ ಒಟ್ಟಿಗೆ ಎದ್ದುಬಿಡುತ್ತಾರೆ. ಹರಿಗೋಲು ಮಗುಚುವುದು ಆಗಲೇ. "ನಾ ಕರದಾಗ ಒಬ್ಬೊಬ್ಬರ ಏಳ್ರಿ" ಎಂದು ಹೇಳಿ ಹೇಳಿ ಅವಳ ಗಂಟಲು ಒಣಗುತ್ತಿತ್ತು.

ಮದುವೆಯಾದ ಏಳು ವರ್ಷಕ್ಕೆ ನನಗೆ ಕೂಸಾಯಿತು, ಹೆಣ್ಣು. ಗಂಡನ ಮನೆಯಿಂದ ತೊಟ್ಟಿಲಿಗೂ ಯಾರೂ ಬರಲಿಲ್ಲ. ನನ್ನ ಗಂಡನಿಗೆ ಸಗರದಲ್ಲಿ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಮಾತ್ರ ಬಂತು. ಐದನೆಯ ತಿಂಗಳಲ್ಲಿ ಮಾವನವರು ನಾಲ್ಕು ಮಂದಿ ಏನಂದಾರೋ ಎಂದು ನನ್ನನ್ನು ಕರೆಯಲು ಬಂದರು. ಮೊಮ್ಮಗಳ ಮುಖ ಕೂಡ ನೋಡಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ಹಿಂದೆ ಹರಿಗೋಲು ಹತ್ತಿದೆ.

ಹೊಳೆ ತುಂಬಿತ್ತು. ದಂಡೆ ಇನ್ನೇನು ಬಂತು ಎನ್ನುವಾಗ ಮಾವನವರು ತಲೆಯ ಪಟಕಾ ಸರಿಮಾಡಿಕೊಂಡು ಏಳಲು ಹೊರಟರು. ಊರ ಗೌಡರು, ಎಲ್ಲರಿಗಿಂತ ಮೊದಲು ಇಳಿದೇ ರೂಢಿ.

"ಗೌಡ್ರ, ಕುಂಡರ್ರಿ," ಎಂದಳು ಅಂಬಿಗರಕ್ಕ.

"ನಾ ಯಾರಂತ ಗೊತ್ತೈತೇನ ನಿನಗ?"

"ಗೊತ್ತೈತ್ರಿ. ಸ್ವಲ್ಪ ಇದನ್ನ ಹಿಡೀರಿ."

ನನ್ನ ಪಕ್ಕದಲ್ಲೇ ಇದ್ದವಳು ಕೂಸನ್ನು ಎತ್ತಿ ಅವರ ಕೈಗೆ ಕೊಟ್ಟೇಬಿಟ್ಟಳು. ಮಾವನವರು ದಿಕ್ಕು ತೋಚದೆ ಕೂತರು. ಅಷ್ಟರಲ್ಲಿ, ಅವರು ಎದ್ದರೆಂದು ಆ ಬದಿಯ ಮೂವರು ಎದ್ದಿದ್ದರು. ಹರಿಗೋಲು ವಾಲಿ ನೀರು ಒಳನುಗ್ಗಿತು. ಅಂಬಿಗರಕ್ಕ ಎದ್ದವರ ಭುಜ ಅದುಮಿ ಕೂರಿಸಿದಳು. ತಿರುಗಿ ನೋಡಿದರೆ ಮಾವನವರು ಕೂಸನ್ನು ಎದೆಗೆ ಅವಚಿಕೊಂಡು, "ಅಂಜಬ್ಯಾಡ ನನ್ನವ್ವಾ, ಅಂಜಬ್ಯಾಡ" ಎನ್ನುತ್ತಿದ್ದರು.

ಎಲ್ಲರೂ ಇಳಿದ ಮೇಲೆ ಅವರು ಇಳಿದರು. ನಾನು ಕೈ ಚಾಚಿದೆ. "ಇರ್ಲಿ ಬಿಡವ್ವ, ಈಗರ ಕಣ್ಣು ಮುಚ್ಚ್ಯಾಳ," ಎಂದರು. ಬಂಡಿಯಲ್ಲಿ ಮನೆಯವರೆಗೂ ಕೂಸು ಅವರ ತೊಡೆಯ ಮೇಲೇ ಇತ್ತು. ಸಗರದ ಹೆಣ್ಣಿನ ಮಾತು ಮತ್ತೆ ನಮ್ಮ ಮನೆಯಲ್ಲಿ ಏಳಲಿಲ್ಲ.

ಎರಡು ವರ್ಷದ ಮೇಲೆ ಮಗಳನ್ನಷ್ಟೇ ಕರೆದುಕೊಂಡು ತವರಿಗೆ ಹೋಗುವಾಗ, ದಂಡೆಯಲ್ಲಿ ಕೂತು ಅಂಬಿಗರಕ್ಕನಿಗೆ ಇದನ್ನೆಲ್ಲ ಹೇಳಿದೆ. "ನಿನ್ನಿಂದ ನನ್ನ ಸಂಸಾರ ಉಳೀತಕ್ಕ" ಎಂದೆ.

"ಅಯ್ಯ, ನನಗೇನ ಗೊತ್ತಿತ್ತವ್ವ? ಕೂಸು ಕೈಯಾಗಿದ್ರ ಗೌಡ್ರು ಏಳಂಗಿಲ್ಲಂತ ಕೊಟ್ಟೆ," ಎಂದಳು. ಕಾಲಿನ ಕೆಸರು ಒರೆಸಿಕೊಳ್ಳುತ್ತ ಅವಳೇ ಮುಂದೆ ಹೇಳಿದಳು. "ಮಕ್ಕಳಾಗಲಿಲ್ಲಂತ ನನ್ನ ಮ್ಯಾಲ ಇನ್ನೊಬ್ಬಾಕಿನ್ನ ತಂದ್ರು. ನನ್ನ ಮಾವನ ಕೈಯಾಗ ಇಡಾಕ ನನ್ನ ಕಡೆ ಏನೂ ಇರ್ಲಿಲ್ಲ."

ಇಷ್ಟು ಹೇಳಿ, ಕಾದು ನಿಂತಿದ್ದ ಮಂದಿಯನ್ನು ಕೂರಿಸಲು ಎದ್ದುಹೋದಳು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ನನ್ನ ಮಗಳನ್ನು ಒಮ್ಮೆಯಾದರೂ ಅವಳ ಮಡಿಲಿಗೆ ಹಾಕಬೇಕಿತ್ತು. ಆಗ ನನಗೆ ತೋಚಲಿಲ್ಲ.