ಕಪಾಟಿನಲ್ಲಿದ್ದ ಪೌರತ್ವ ಪತ್ರ

2023ನೆಯ ಇಸವಿಯ ಜೂನ್ ತಿಂಗಳು. ನನಗಾಗ ಐವತ್ತೆರಡು ವರ್ಷ. ಶಾಲೆಯಿಂದ ಸ್ವಯಂನಿವೃತ್ತಿ ಪಡೆದು ವರ್ಷವೊಂದು ಕಳೆದಿತ್ತು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅಮ್ಮನನ್ನು ಮೀಯಿಸಲು, ಮಗ್ಗುಲು ಬದಲಿಸಲು, ಉಣಿಸಲು ಮನೆಯಲ್ಲೇ ಇರುವ ಹೆಂಗಸೊಬ್ಬಳು ಬೇಕಾಗಿದ್ದಳು. ಹೆಂಡತಿಗೆ ಮಿಜಾರಿನ ಕಾಲೇಜೊಂದರ ಕಚೇರಿಯಲ್ಲಿ ಕೆಲಸ. ಭಾನುವಾರ ಮಾತ್ರ ಬಿಡುವು. ಹೀಗಿರಲು ಬಂಟ್ವಾಳದ ದಲ್ಲಾಳಿಯೊಬ್ಬ ಮೂಡುಬಿದಿರೆಯ ನಮ್ಮ ಮನೆಗೆ ನೇಪಾಳದ ಮಹಿಳೆಯೊಬ್ಬಳನ್ನು ಕರೆತಂದ. ಆಕೆಗೆ ಮೂವತ್ತೈದರ ಆಸುಪಾಸು. ಆಕೆಯ ತಂಗಿಯನ್ನು ಅದೇ ವಾರ ಬೆಳ್ತಂಗಡಿಯ ಮನೆಯೊಂದಕ್ಕೆ ಇಂಥದೇ ಕೆಲಸಕ್ಕೆ ಸೇರಿಸಿದ್ದ.

ಹೊರಡುವ ಮೊದಲು ಅವನು ನನ್ನ ಕೈಗೆ ಕಂದು ಲಕೋಟೆಯೊಂದನ್ನಿತ್ತ. ಒಳಗೆ ಆಕೆಯ ಪೌರತ್ವ ಪತ್ರವಿತ್ತು; ಊರಿಗೆ ಮರಳಲು, ಬೇರೆ ಕೆಲಸ ಹಿಡಿಯಲು ಬೇಕಾದ ಗುರುತಿನ ದಾಖಲೆ.

“ಇದು ನಿಮ್ಮ ಹತ್ರ ಇರ್ಲಿ ಮಾಸ್ಟ್ರೇ. ಅವಳ ಕೈಯಲ್ಲಿ ಇದ್ರೆ ಎರಡೇ ದಿನಕ್ಕೆ ಬಸ್ಸು ಹತ್ತಿ ಹೋಗ್ತಾಳೆ. ಮತ್ತೆ ನೀವು ನನ್ನನ್ನು ಬೈಯುದು.”

ನಾನು ವಿಧಿವತ್ತಾಗಿ ಸ್ವೀಕೃತಿ ಪತ್ರವೊಂದನ್ನು ಬರೆದೆ: ದಿನಾಂಕ, ವಿಷಯ, ವಿವರ, ಸಹಿ. ಅದನ್ನು ಕೊಟ್ಟದ್ದು ದಲ್ಲಾಳಿಗೆ. ಪೌರತ್ವ ಪತ್ರದ ಒಡತಿ ಬಾಗಿಲ ಬಳಿ ಚೀಲ ಹಿಡಿದು ನಿಂತೇ ಇದ್ದಳು. ಆಕೆಗೂ ಒಂದು ಪ್ರತಿ ಸಲ್ಲಬೇಕೆಂದು ನನಗೆ ಹೊಳೆಯಲಿಲ್ಲ. ಲಕೋಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಹತ್ತೊಂಬತ್ತು ವರ್ಷ ಶಾಲೆಯ ವೇಳಾಪಟ್ಟಿಯನ್ನು ಸಿದ್ಧಪಡಿಸಿದವನು ನಾನು. ಮನೆಗೂ ಒಂದನ್ನು ಸಿದ್ಧಪಡಿಸಿದೆ. ಬೆಳಿಗ್ಗೆ ಐದೂವರೆಗೆ ಅಮ್ಮನ ಬಾಯಿ ತೊಳೆಸುವುದರಿಂದ ರಾತ್ರಿ ಒಂಬತ್ತರ ಮಾತ್ರೆಯವರೆಗೆ, ಗೆರೆ ಎಳೆದು, ಚೌಕಗಳಲ್ಲಿ ದುಂಡಗೆ ಬರೆದು, ಹಿಂದಿಯಲ್ಲೂ ಅರ್ಥ ಕೊಟ್ಟು, ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನನಗದು ಸುಂದರವಾಗಿಯೇ ಕಂಡಿತು.

ಸೆಪ್ಟೆಂಬರಿನಲ್ಲಿ ನನ್ನ ಹಳೆಯ ಸಹೋದ್ಯೋಗಿ, ಗಣಿತದ ಅಧ್ಯಾಪಿಕೆ, ಅಮ್ಮನನ್ನು ನೋಡಲು ಬಂದರು. ನೀರು ಕುಡಿಯಲು ಅಡುಗೆಮನೆಗೆ ಹೋದವರು ಪಟ್ಟಿಯ ಮುಂದೆ ನಿಂತುಬಿಟ್ಟರು.

“ಸರ್, ಇದರಲ್ಲಿ ಲೀಶರ್ ಪೀರಿಯಡ್ ಎಲ್ಲಿ ಉಂಟು?”

“ಆಕೆ ಮನೆಯವರ ಹಾಗೆಯೇ ಇದ್ದಾಳೆ ಟೀಚರ್.”

“ಮನೆಯವರು ಪೇಟೆಗಾದ್ರೂ ಹೋಗ್ತಾರೆ ಸರ್. ನಂಗೆ ಒಂದು ದಿನ ಏಳು ಪೀರಿಯಡ್ ಹಾಕಿದ್ದಕ್ಕೆ ನಾನು ಸ್ಟಾಫ್ ರೂಮಿನಲ್ಲಿ ಎಂತ ಗಲಾಟೆ ಮಾಡಿದ್ದೆ, ನೆನಪುಂಟಾ? ಇವಳು ಯಾರ ಹತ್ರ ಗಲಾಟೆ ಮಾಡುದು?”

ಅವರು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಅವರು ಹೋದ ಮೇಲೆ ಕುಳಿತಲ್ಲಿ ಕುಳಿತುಕೊಳ್ಳಲಾಗದೆ ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ ನಡೆದೆ. ಬಂದ ಮೊದಲ ತಿಂಗಳಿನಿಂದಲೂ ಆಕೆ ಕೇಳುತ್ತಿದ್ದುದು ಒಂದನ್ನೇ: ಒಂದು ಭಾನುವಾರ ಬೆಳ್ತಂಗಡಿಗೆ ಹೋಗಿ ತಂಗಿಯನ್ನು ನೋಡಿಬರಬೇಕು. ವೇಣೂರು ಮಾರ್ಗವಾಗಿ ಬಸ್ಸಿಗೆ ಎರಡು ಗಂಟೆಯ ದಾರಿಯೂ ಇಲ್ಲ. ಪ್ರತಿ ಸಲವೂ “ನೋಡುವ” ಎಂದಿದ್ದೆ. ನಮ್ಮ ಕಡೆ ‘ಇಲ್ಲ’ ಎನ್ನಲು ಸಂಕೋಚಪಡುವವರು ಹೇಳುವ ಮಾತದು. ಆಕೆ ಅದನ್ನು ಒಪ್ಪಿಗೆಯೆಂದೇ ತಿಳಿದು ಮೂರು ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಂಡು ಕಾದಿದ್ದಳೆಂದು ಆಮೇಲೆ ಹೆಂಡತಿ ಹೇಳಿದಳು.

ಅಕ್ಟೋಬರಿನಲ್ಲಿ ತಂಗಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ ಸುದ್ದಿ ಫೋನಿನಲ್ಲಿ ಬಂತು. ಅಮ್ಮನಿಗೆ ಗಂಜಿ ಉಣಿಸಿ, ಕೈ ತೊಳೆದು ಬಂದು ಆಕೆ ನನ್ನೆದುರು ನಿಂತಳು. ಅಷ್ಟರಲ್ಲಿ ನಮ್ಮ ಕನ್ನಡವನ್ನು ಸಾಕಷ್ಟು ಕಲಿತಿದ್ದಳು.

“ಸರ್, ನನ್ನ ಕಾಗದ ಕೊಡಿ. ತಂಗಿಯನ್ನು ನೋಡಿ ಬರ್ತೇನೆ.”

“ಬಾರದಿದ್ದರೆ?”

“ಅಮ್ಮನಿಗೆ ಬೇರೆಯವರು ಸಿಗ್ತಾರೆ. ತಂಗಿಗೆ ಇಲ್ಲಿ ನಾನೊಬ್ಬಳೇ.”

ನಾನು ದಲ್ಲಾಳಿಗೆ ಫೋನು ಮಾಡಿ, ಯಾವ ನಿಯಮದ ಪ್ರಕಾರ ಆ ಪತ್ರವನ್ನು ನಾನಿಟ್ಟುಕೊಂಡಿದ್ದೇನೆಂದು ಕೇಳಿದೆ.

“ನಿಯಮವಾ? ಇದು ನಿಮ್ಮ ಶಾಲೆ ಅಲ್ಲ ಮಾರಾಯ್ರೆ! ಕೊಡ್ಬೇಡಿ ಅಂದ್ರೆ ಕೊಡ್ಬೇಡಿ.”

ನಿಯಮವಿಲ್ಲವೆಂದು ತಿಳಿದ ಮೇಲೂ ನಾನು ಅರ್ಧ ಕೆಲಸ ಮಾಡಿದೆ: ಮರುದಿನಕ್ಕೆ ರಜೆ ಕೊಟ್ಟೆ, ಪತ್ರ ಕೊಡಲಿಲ್ಲ. ಆಕೆ ಹೋದಳು. ಹೆಂಡತಿ ರಜೆ ಹಾಕಿ ಅಮ್ಮನನ್ನು ನೋಡಿಕೊಂಡಳು. ಮಧ್ಯಾಹ್ನದಿಂದ ನಾನು ಗೇಟಿನ ಬಳಿಗೆ ಎಷ್ಟು ಸಲ ಹೋಗಿಬಂದೆನೋ ತಿಳಿಯದು. ಸಂಜೆ ಆರೂವರೆಗೆ ಆಕೆ ಮರಳಿದಳು. ತಂಗಿಗೆ ಜ್ವರ ಇಳಿದಿದೆಯೆಂದಳು. ಸೀರೆ ಬದಲಿಸಿ ಅಮ್ಮನ ಮಗ್ಗುಲು ಬದಲಿಸಲು ಹೋದಳು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆಕೆ ತಾನಾಗಿ ಬಂದಳೋ, ಕಪಾಟಿನಲ್ಲಿದ್ದ ಪತ್ರಕ್ಕಾಗಿ ಬಂದಳೋ? ಬೀಗ ಹಾಕಿದವನಿಗೆ ಇದನ್ನು ತಿಳಿಯುವ ದಾರಿಯೇ ಇರಲಿಲ್ಲ.

ಆಮೇಲಿನ ಐದಾರು ವಾರ ಹೀಗೆಯೇ ಕಳೆಯಿತು. ನಾನು ಕಪಾಟು ತೆರೆಯುವೆ, ಲಕೋಟೆಯನ್ನು ಮುಟ್ಟುವೆ, ಮುಚ್ಚುವೆ. ಆಕೆ ಹೋಗಿಬಿಟ್ಟರೆ ಅಮ್ಮನನ್ನು ಮೀಯಿಸುವವರು ಯಾರೆಂಬ ಭಯ ನನಗೆ ನಿಜವಾಗಿಯೂ ಇತ್ತು. ಆದರೆ ಆ ಭಯ ನನ್ನದು. ಅದಕ್ಕೆ ಆಕೆಯ ಪತ್ರವನ್ನು ಒತ್ತೆಯಿಟ್ಟುಕೊಳ್ಳುವಂತಿರಲಿಲ್ಲ.

ಕೊನೆಗೆ ಒಂದು ಒಪ್ಪಂದವನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆದೆ: ಪ್ರತಿ ಭಾನುವಾರ ರಜೆ, ದಿನವೂ ಮಧ್ಯಾಹ್ನ ಎರಡು ಗಂಟೆ ಬಿಡುವು, ದಾಖಲೆಗಳು ಆಕೆಯ ಬಳಿಯಲ್ಲಿ. ಮೊದಲ ಸಾಲಿನಲ್ಲಿ ಆಕೆಯನ್ನು ಮನೆಮಗಳಂತೆ ಕಾಣಲಾಗುವುದೆಂದು ಬರೆದಿದ್ದೆ. ಆಕೆ ಹಿಂದಿಯ ಪ್ರತಿಯನ್ನು ಬೆರಳಿಟ್ಟು ಓದಿ ಅಲ್ಲಿಯೇ ನಿಂತಳು.

“ಮಗಳು ಬೇಡ ಸರ್. ಕೆಲಸದವಳು ಅಂತಲೇ ಬರೆಯಿರಿ. ಮಗಳಾದ್ರೆ ರಜೆ ಕೇಳ್ಲಿಕ್ಕೆ ಆಗುದಿಲ್ಲ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಸರಿಯಾಗಿ ಹೇಳಿದೆ ನೋಡು” ಎಂದಳು. ನಾನು ಆ ಸಾಲನ್ನು ಹೊಡೆದುಹಾಕಿ, ಬೇರೆ ಹಾಳೆಯಲ್ಲಿ ಮೊದಲಿನಿಂದ ಬರೆದೆ.

ಸಹಿಯಾದ ಮೇಲೆ ಲಕೋಟೆಯನ್ನು ಕೊಟ್ಟೆ. ಆಕೆ ಪತ್ರವನ್ನು ಹೊರತೆಗೆದು, ಎರಡೂ ಬದಿ ನೋಡಿ, ಚೀಲದ ಒಳಜೇಬಿಗೆ ಸೇರಿಸಿ, ತಂಗಿಯನ್ನು ನೋಡಲು ಬಸ್ ನಿಲ್ದಾಣದ ಕಡೆಗೆ ನಡೆದಳು. ಯಾವಾಗ ಬರುವೆಯೆಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ಸಂಜೆ ಆಕೆ ಮರಳಿದಳು. ಮರಳದಿದ್ದರೂ ವಿಷಯ ಬೆಳಿಗ್ಗೆ ಎಂಟೂವರೆಗೆ ಲಕೋಟೆ ಕೊಟ್ಟಾಗಲೇ ಇತ್ಯರ್ಥವಾಗಿತ್ತು: 2023ನೆಯ ಇಸವಿ ಡಿಸೆಂಬರ್ 3, ಭಾನುವಾರ.